ಸಿದ್ದಾರೂಢ ಮಿಸ್ತ್ರಿ ಮತ್ತು ಕಪ್ಪು ಹೊಗೆ

ಪುಣೆಯ ಹಡಪಸರದ ಗ್ಯಾರೇಜಿನಲ್ಲಿ ನಮ್ಮ ಕಲಬುರಗಿಯ ಸಿದ್ದಾರೂಢ ಮಿಸ್ತ್ರಿ ಕಾರಿನ ಬಾನೆಟ್ ಎತ್ತುವ ಮೊದಲು ಮಾಲೀಕನನ್ನೇ ಬಿಚ್ಚಿ ನೋಡುತ್ತಾನೆ. ಪೆಟ್ರೋಲ್ ಎಲ್ಲಿ ಹಾಕಿಸ್ತೀರಿ, ಹೆಂಡತಿ ಕೂತಾಗ ಎಂಜಿನ್ ಹೆಚ್ಚು ನಡುಗುತ್ತದೇನು ಎಂದೆಲ್ಲ ಕೇಳುತ್ತಾನೆ. ಕಾರುಗಳಿಗೆ ಕಂಪ್ಯೂಟರ್ ಬಂದಾಗ ಓಣಿಯ ಮಿಸ್ತ್ರಿಗಳೆಲ್ಲ ಕೈಚೆಲ್ಲಿದರೆ, ಇವನು ಕರೆಂಟು ಅಳೆಯುವ ಮಲ್ಟಿಮೀಟರ್ ಕೊಂಡು ಡಾಕ್ಟರರ ಸ್ಟೆತೊಸ್ಕೋಪಿನಂತೆ ಕೊರಳಿಗೆ ಹಾಕಿಕೊಂಡ. ೨೦೦೨ರಲ್ಲಿ ಒಮ್ಮೆ ಪಿಂಪ್ರಿಯ ಕಾರ್ಖಾನೆಯೊಂದರ ಮ್ಯಾನೇಜರ್, ಧಾರವಾಡದ ಇನಾಮದಾರ ಸಾಹೇಬರ ಕಾರು ಕಪ್ಪು ಹೊಗೆ ಉಗುಳುತ್ತ ಬಂತು. ಕಂಪ್ಯೂಟರನ್ನೇ ಬದಲಿಸಬೇಕೆಂದು ಬೇರೆ ಕಡೆ ಹೇಳಿದ್ದರಂತೆ. ಸಿದ್ದಾರೂಢ ವೈರುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ ನಕ್ಕ. “ಎಂಜಿನ್ನಿನ ಬಿಸಿ ಹೇಳೋ ಸೆನ್ಸರಿನ ವೈರು ಹರದದ್ರಿ. ಪುಣೆದಾಗ ಬರ್ಫ ಬಿದ್ದದ, ಎಂಜಿನ್ ಥಂಡಿ ಆಗ್ಯದಂತ ತಿಳದು ಕಂಪ್ಯೂಟರ್ ಹೆಚ್ಚಿಗಿ ಪೆಟ್ರೋಲ್ ಸುರೀಲಿಕ್ಕತ್ತದ. ಅದರ ತಪ್ಪಿಲ್ರಿ, ಪಾಪ, ಕೇಳಿದ್ದನ್ನ ನಂಬ್ಯಾದ.” ವೈರು ಕೂಡಿಸಿದ ಮೇಲೆ ಹೊಗೆ ತೆಳುವಾಗುತ್ತ ಬಂದು ನಿಂತೇಹೋಯಿತು. ಸಾಹೇಬರು ಅವನನ್ನು ದಿಟ್ಟಿಸಿ, “ನಿನ್ನ ಎಲ್ಲೋ ನೋಡೇನಲ್ಲ?” ಎಂದರು. ಹತ್ತು ವರ್ಷದ ಹಿಂದೆ ಯಾರದೋ ಚಾಡಿಮಾತು ನಂಬಿ ಇವನನ್ನು ಕಾರ್ಖಾನೆಯ ಕೆಲಸದಿಂದ ತೆಗೆದವರು ಅವರೇ. ಅವರು ಕಾರಿನಿಂದ ಇಳಿದಾಗಲೇ ಸಿದ್ದಾರೂಢ ಗುರುತು ಹಿಡಿದಿದ್ದ. “ನೋಡಿರಬೇಕ್ರಿ,” ಎಂದು ಬಾನೆಟ್ ಮುಚ್ಚಿದ, “ಪುಣೆ ಏನ ಅಷ್ಟ ದೊಡ್ಡ ಊರೇನ್ರಿ! ಬರ್ರಿ, ಚಹಾ ಕುಡಿಯೂಣು.”