ತಾಕ್ ಮಾಲ್ಸುನ್ ತರಿಸಿದ ಮೊದಲ ಸರಕು

ಬೂಸಾನ್ ಊರಿನ ಸಾಸಾಂಗ್ ಓಣಿಗಳಲ್ಲಿ ಬೂಟಿಗೆ ಹಚ್ಚುವ ಅಂಟಿನ ವಾಸನೆ ಇನ್ನೂ ಗಮ್ಮೆನ್ನುತ್ತಿದ್ದ ಕಾಲವದು. ಅಲ್ಲಿನ ಒಂದು ಕಾರ್ಖಾನೆಯ ಎರಡನೆಯ ಮಹಡಿಯಲ್ಲಿ ತಾಕ್ ಮಾಲ್ಸುನ್ ಎಂಬ ಹೆಂಗಸು ಇಪ್ಪತ್ತೆರಡು ವರ್ಷ ಹಡಗಿನ ಕಾಗದಪತ್ರ ಟೈಪು ಮಾಡಿದ್ದರು. ಬೂಟುಗಳು ಕಡಲಾಚೆ ಹೋಗುತ್ತಿದ್ದವು. ಪ್ರತಿ ಕಾಗದದಲ್ಲೂ ಬೆಲೆಯ ಪಕ್ಕ ‘ಎಫ್‌ಒಬಿ ಬೂಸಾನ್’ ಎಂದು ಬೀಳುತ್ತಿತ್ತು. ಬೂಸಾನ್ ಬಂದರಿನಲ್ಲಿ ಹಡಗಿಗೆ ಏರಿಸುವವರೆಗೆ ಹೊಣೆ ನಮ್ಮದು, ಆಮೇಲೆ ಹಡಗಿನ ಬಾಡಿಗೆಯೂ ಕೊಂಡವರದು, ಹಡಗು ಮುಳುಗಿದರೆ ಅಳುವುದೂ ಅವರದೇ ಎಂದು ಅದರ ತಾತ್ಪರ್ಯ. ಆ ಎರಡು ಪದ ಹೊಡೆಯಲು ಅವರಿಗೆ ಕಣ್ಣು ಬೇಕಿರಲಿಲ್ಲ. ಬೆರಳೇ ನೋಡಿಕೊಳ್ಳುತ್ತಿತ್ತು.

ಅವರ ಎದುರಿನ ಮೇಜಿಗೆ ಬಂದವನು ಯೊಮ್ ಕಿಚೊಲ್. ವಯಸ್ಸು ಇಪ್ಪತ್ತೇಳು. ಎಫ್‌ಒಬಿಯಂಥ ವ್ಯಾಪಾರದ ಷರತ್ತುಗಳು ಹದಿಮೂರನ್ನೂ ಬಾಯಿಪಾಠ ಮಾಡಿ ಪರೀಕ್ಷೆ ಪಾಸಾಗಿದ್ದ. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಬಾಡಿಗೆ ಕೋಣೆಯ ಗೋಡೆಗೆ ತೂಗುಹಾಕಿದ್ದ, ನೋಡುವವರು ಯಾರೂ ಇರದಿದ್ದರೂ. ಮಧ್ಯಾಹ್ನ ಹಂದಿಸಾರಿನ ಅಂಗಡಿಯಲ್ಲಿ ಆ ಹದಿಮೂರನ್ನೂ ಒಂದೇ ಉಸಿರಿಗೆ ಒಪ್ಪಿಸಿದ್ದೂ ಉಂಟು. ಮಾಲ್ಸುನ್ ಪೂರ್ತಿ ಕೇಳಿಸಿಕೊಂಡು, “ಬಾಯಿಗೇನೋ ಬಂತು. ಸಾರು ಆರ್ತಾ ಇದೆ, ಅದನ್ನೂ ಬಾಯಿಗೆ ಹಾಕ್ಕೋ” ಎಂದಿದ್ದರು.

ಆ ಹೊತ್ತಿಗೆ ಕೆಲಸವೆಲ್ಲ ಇಂಡೋನೇಷ್ಯಾದ ಕಡೆಗೆ ಜಾರಿಹೋಗುತ್ತಿತ್ತು. ಅಕ್ಕಪಕ್ಕದ ಕಾರ್ಖಾನೆಗಳು ಬಾಗಿಲೆಳೆದುಕೊಂಡಿದ್ದವು. ಇವರಲ್ಲಿ ನಲವತ್ತು ಹೆಂಗಸರು ಕೂರುವ ಒಂದೇ ಒಂದು ಹೊಲಿಗೆ ಸಾಲು ಉಳಿದಿತ್ತು. ಅಟ್ಟೆಯ ರಬ್ಬರನ್ನು ಊರಿನ ದಲ್ಲಾಳಿಯ ಬದಲು ಇಂಡೋನೇಷ್ಯಾದ ಸುರಬಾಯ ಬಂದರಿನಿಂದ ನೇರ ತರಿಸಿದರೆ ಸಾಲು ಉಳಿದೀತು ಎಂದು ಮಾಲೀಕ ಪಾಂಗ್ ಲೆಕ್ಕ ಹಾಕಿದರು. ಜೊತೆಗೆ ಒಂದು ಮಾತನ್ನೂ ಹೇಳಿದರು: ರಬ್ಬರಿಲ್ಲದೆ ಸಾಲು ಒಂದು ವಾರ ನಿಂತರೆ ಮತ್ತೆ ಶುರು ಮಾಡಿಸುವುದಿಲ್ಲ.

ಇಷ್ಟು ವರ್ಷ ಕಡಲಾಚೆಗೆ ಬರೀ ಮಾರಿದ ಮನೆ ಮೊದಲ ಸಲ ಅಲ್ಲಿಂದ ಕೊಳ್ಳಲು ಹೊರಟಿತು. ಮಾಲ್ಸುನ್ ಕಾಗದ ಟೈಪು ಮಾಡಿದರು. ಕಿಚೊಲ್ ಪರಿಶೀಲಿಸಿ, ಹೊಸದಾಗಿ ಕೆತ್ತಿಸಿದ್ದ ತನ್ನ ಮುದ್ರೆಯನ್ನು ಅಂಗೈಯಗಲ ಜಾಗದಲ್ಲಿ ಠೀವಿಯಿಂದ ಒತ್ತಿದ. ಸುರಬಾಯದಿಂದ ಎರಡು ಫ್ಯಾಕ್ಸ್ ಬಂದವು: ಸರಕು ಸಿದ್ಧವಿದೆ, ತಮ್ಮ ಹಡಗಿನ ನಿರೀಕ್ಷೆಯಲ್ಲಿದ್ದೇವೆ. ಎಂಥ ವಿನಯ ಇವರದು ಎಂದು ಮೆಚ್ಚಿ ಕಿಚೊಲ್ ಎರಡನ್ನೂ ಫೈಲಿಗೆ ಸೇರಿಸಿದ.

ಹದಿನಾರನೆಯ ದಿನ, ಹಡಗು ಎಲ್ಲಿಗೆ ಬಂತೆಂದು ಕೇಳಲು ಅವನು ಫೋನು ಮಾಡಿದ. ಆ ಕಡೆಯವನು, ಯಾವ ಹಡಗು ಎಂದು ಕೇಳಿದ. ಸರಕು ಅವರ ಗೋದಾಮಿನಲ್ಲೇ ಇತ್ತು.

ಕಿಚೊಲ್ ಫೈಲು ತೆಗೆದ. ಬೆಲೆಯ ಪಕ್ಕದಲ್ಲಿ ‘ಎಫ್‌ಒಬಿ ಬೂಸಾನ್’ ಇತ್ತು, ಅದರ ಕೆಳಗೆ ಅವನ ಕೆಂಪು ಮುದ್ರೆ ನಗುತ್ತಿತ್ತು.

“ಅಕ್ಕಾವ್ರೇ, ಇಲ್ಲಿ ಹಡಗೇರಿಸೋ ಬಂದರಿನ ಹೆಸರು ಬರಬೇಕಿತ್ತು. ಸುರಬಾಯ ಅಂತ.”

ಮಾಲ್ಸುನ್ ಕನ್ನಡಕ ತೆಗೆದು ಕಾಗದವನ್ನು ಹತ್ತಿರ ಹಿಡಿದರು. “ಇಷ್ಟು ವರ್ಷ ನಾವು ಹೆಣ್ಣು ಕೊಡೋ ಕಡೆಯವರು ಕಣೋ. ಹೊಸಿಲು ದಾಟಿಸಿ ಕಣ್ಣೊರೆಸಿಕೊಂಡ್ರೆ ಮುಗೀತಿತ್ತು. ಈ ಸಲ ಕರ್ಕೊಂಡು ಬರೋರು ನಾವು, ಗಾಡಿ ನಾವೇ ಕಟ್ಟಬೇಕಿತ್ತು. ಅವರು ಗಾಡಿ ಬರತ್ತೆ ಅಂತ ಕಾದ್ರು, ನಾವು ಹೆಣ್ಣು ಬರತ್ತೆ ಅಂತ ಕಾದ್ವಿ.”

ಕೆಳಗೆ ಒಂಬತ್ತು ದಿನಕ್ಕಾಗುವಷ್ಟು ರಬ್ಬರಿತ್ತು. ಸುರಬಾಯದಿಂದ ಬರಲು ಹಡಗಿಗೆ ಹತ್ತು ದಿನವಾದರೂ ಬೇಕು, ಹಡಗೇ ಗೊತ್ತಾಗಿಲ್ಲ. ಕಿಚೊಲ್‌ಗೆ ಪುಸ್ತಕ ನೆನಪಾಯಿತು. ಸಿಐಎಫ್ ಎಂದು ಬದಲಾಯಿಸಿಬಿಟ್ಟರೆ ಹಡಗು, ವಿಮೆ ಎಲ್ಲ ಮಾರುವವರ ತಲೆಗೆ, ನಾವು ನಿಶ್ಚಿಂತೆ ಎಂದ.

“ಬಾಡಿಗೆ ಅವರು ಕಟ್ತಾರೆ, ನಿಶ್ಚಿಂತೆ ಕಳಿಸಲ್ಲ” ಎಂದರು ಮಾಲ್ಸುನ್. “ದಾರೀಲಿ ನೆಂದ್ರೆ ಆಗಲೂ ನಷ್ಟ ನಮ್ಮದೇ. ಅದೂ ನಿನ್ನ ಹದಿಮೂರರಲ್ಲೇ ಇದೆ. ಈಗ ಅವರು ಹಡಗು ಹುಡುಕೋಕೆ ಕೂತ್ರೆ ಇನ್ನೊಂದು ವಾರ ಹೋಗತ್ತೆ.”

ತಪ್ಪು ಯಾರದೆಂದು ಮಾಲೀಕರು ಕೇಳಿಯೇ ಕೇಳುತ್ತಾರೆ. ನಿಜ ಹೇಳಬೇಕೋ, ಸ್ವಲ್ಪ ಕಾದು ಹೇಳಬೇಕೋ ಎಂದು ಕಿಚೊಲ್ ಬಚ್ಚಲುಮನೆಯ ಕನ್ನಡಿಯೆದುರು ಯೋಚಿಸಿದ. ಧೈರ್ಯ ತಂದುಕೊಂಡು ಮಾಲೀಕರ ಕೋಣೆಗೆ ಹೋಗುವಷ್ಟರಲ್ಲಿ ಮಾಲ್ಸುನ್ ಎಲ್ಲ ಹೇಳಿ ಹೊರಗೆ ಬರುತ್ತಿದ್ದರು. ಅವನೂ ಒಳಹೋಗಿ ಮುದ್ರೆ ತನ್ನದೆಂದ. ಅದು ಕಾಗದದಲ್ಲೇ ಕಾಣುತ್ತಿದೆ ಎಂದು ಪಾಂಗ್ ತಲೆಯೆತ್ತದೆ ಹೇಳಿದರು.

ಮಾಲ್ಸುನ್ ಆಮೇಲೆ ಫೋನು ಕೆಳಗಿಡಲಿಲ್ಲ. ಬೂಸಾನಿನ ಹಡಗು ಕಚೇರಿಗಳ ಗುಮಾಸ್ತರೆಲ್ಲ ಅವರಿಗೆ ದನಿಯಿಂದ ಗೊತ್ತು, ಮುಖದಿಂದ ಗೊತ್ತಿಲ್ಲ. ಯಾರ ಮಗಳಿಗೆ ಮದುವೆಯಾಯಿತು, ಯಾರಿಗೆ ಸೊಂಟನೋವು ಎಂದೆಲ್ಲ ವಿಚಾರಿಸಿಕೊಂಡು, ಮೂರು ದಿನ ಬಿಟ್ಟು ಸುರಬಾಯದಿಂದ ಹೊರಡುವ ಹಡಗಿನಲ್ಲಿ ಒಂದು ಕಂಟೇನರ್ ಪೆಟ್ಟಿಗೆಯ ಜಾಗ ಹಿಡಿದರು. ಕಾಗದವನ್ನು ತಿದ್ದಿ ಟೈಪು ಮಾಡುವಾಗ ‘ಎಫ್‌ಒಬಿ’ ಆದಮೇಲೆ ಬೆರಳನ್ನು ಗಾಳಿಯಲ್ಲೇ ತಡೆದು, ‘ಸುರಬಾಯ’ ಎಂಬುದನ್ನು ಒಂದೊಂದೇ ಅಕ್ಷರವಾಗಿ ಒತ್ತಿದರು.

ಆಮೇಲೆ ಕೆಳಗಿಳಿದು ಹೋಗಿ, ತಪ್ಪು ನನ್ನ ಕೈಯದು ಎಂದು ಹೆಂಗಸರಿಗೂ ಹೇಳಿದರು. ಅವರಲ್ಲಿ ಹಿರಿಯಳಾದವಳು, “ನಿನ್ನ ಕೈಗೆ ನಾಲ್ಕೇಟು ಆಮೇಲೆ ಹಾಕ್ತೀವಿ, ಮೊದಲು ಅಟ್ಟೆ ಅಚ್ಚನ್ನ ರಬ್ಬರ್ ಹಾಳೆ ಮೇಲೆ ಒತ್ತೊತ್ತಾಗಿ ಇಟ್ಟು ಕತ್ತರಿಸೋಣ” ಎಂದಳು. ಹಾಳೆಯಲ್ಲಿ ತುಣುಕೂ ಪೋಲಾಗದಂತೆ ಕತ್ತರಿಸಿ ಒಂಬತ್ತು ದಿನದ ರಬ್ಬರನ್ನು ಹನ್ನೊಂದಕ್ಕೆ ಎಳೆದರು. ಹನ್ನೆರಡನೆಯ ದಿನ ಸಾಲು ನಿಂತಿತು. ಹೆಂಗಸರು ಯಂತ್ರಗಳಿಗೆ ಎಣ್ಣೆ ಹಾಕಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು.

ನಿಂತ ಮೂರನೆಯ ದಿನ ಹಡಗು ಬಂತು. ತಾನೂ ಬರುತ್ತೇನೆಂದು ಮಾಲ್ಸುನ್ ಕಿಚೊಲ್ ಜೊತೆ ಹೊರಟರು. ಇಪ್ಪತ್ತೆರಡು ವರ್ಷ ಅವರ ಕಾಗದಗಳಷ್ಟೇ ಬಂದರಿಗೆ ಹೋಗಿದ್ದವು. ತಂತಿಬೇಲಿಯ ಹೊರಗೆ, ಚಳಿಗಾಳಿಗೆ ಮಫ್ಲರ್ ಬಿಗಿದುಕೊಂಡು ನಿಂತರು.

“ನಮ್ಮದು ಯಾವುದೋ?”

ಕಿಚೊಲ್ ನಂಬರು ಓದಿ ತೋರಿಸಿದ. ಕಂದು ಬಣ್ಣದ ಪೆಟ್ಟಿಗೆ ಕ್ರೇನಿನಲ್ಲಿ ಓಲಾಡುತ್ತ ನೆಲಕ್ಕೆ ತಾಗುವವರೆಗೆ ಮಾಲ್ಸುನ್ ಬೇಲಿಯ ತಂತಿ ಹಿಡಿದೇ ನಿಂತಿದ್ದರು.

ನಾಲ್ಕನೆಯ ದಿನ ಮಧ್ಯಾಹ್ನ ನಲವತ್ತೂ ಯಂತ್ರಗಳು ಒಟ್ಟಿಗೆ ಸದ್ದು ಹಿಡಿದವು. ಮೇಲಿನ ಮಹಡಿಯ ನೆಲ ಎಂದಿನಂತೆ ಅದುರಿತು. ಆ ಸಾಲು ಇನ್ನೂ ಒಂದೂವರೆ ವರ್ಷ ಓಡಿತು. ಅಷ್ಟರಲ್ಲಿ ಮಾಲ್ಸುನ್ ಇನ್ನೂ ಐದು ಸಲ ಸುರಬಾಯದಿಂದ ಸರಕು ತರಿಸಿದರು. ಪ್ರತಿ ಸಲವೂ ಮೊದಲು ಹಡಗು ಗೊತ್ತು ಮಾಡಿ, ಆಮೇಲೆ ಟೈಪು ಮಾಡಲು ಕೂರುತ್ತಿದ್ದರು.