ಸರೋಜವ್ವನ ಒಲೆ ಆರಿದ ದಿನಗಳು

ಸವಣೂರಿನ ಸರೋಜವ್ವನ ಲೆಕ್ಕದಲ್ಲಿ, ಕುರುಕಲು ಖಾರ ತಿನ್ನಿಸಿದರೂ ಆಗದ ಕೆಲಸವೆಂಬುದು ಈ ಲೋಕದಲ್ಲಿ ಇರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆಯ ಮುನಿಸು ಮುರಿದದ್ದು ಅವಳು ಮೊದಲ ಸಲ ಒಬ್ಬಳೇ ಕರಿದ ಖಾರದಿಂದ. ಮುಂದೆ ಮಗಳು ಮಲ್ಲಿಕಾಳನ್ನು ನೋಡಲು ಹಿರೇಕೆರೂರಿನಿಂದ ಬಂದ ಬೀಗರು ಗೋಡೆಗೆ ಒರಗಿ ಮಾತಿಲ್ಲದೆ ಕೂತಿದ್ದಾಗ, ತಾಟಿನ ತುಂಬ ಖಾರ ತಂದಿಟ್ಟವಳೂ ಅವಳೇ. ತಾಟು ಬರಿದಾಗುವಷ್ಟರಲ್ಲಿ ಮಾತು ಮದುವೆಯ ತಿಂಗಳಿಗೆ ಬಂದು ನಿಂತಿತ್ತು.

ಹಿತ್ತಲಿನ ತಗಡಿನ ಚಪ್ಪರದ ಕೆಳಗೆ ಅವಳ ಒಲೆ. ಕಡಲೆ ಹಿಟ್ಟಿನ ಎಳೆ, ಶೇಂಗಾ, ಪುಠಾಣಿ, ಕರಿಬೇವು, ಸಿಪ್ಪೆ ಸಮೇತ ಜಜ್ಜಿದ ಬೆಳ್ಳುಳ್ಳಿ. ಕಾದ ಎಣ್ಣೆ ಸಿಡಿದು ಸಿಡಿದು ಮುಂಗೈ ಮೇಲೆ ರಾಗಿ ಕಾಳಿನಷ್ಟು ಸಣ್ಣ ಕಲೆಗಳು ಉಳಿದಿದ್ದವು. ಗಂಡ ತೀರಿಹೋದ ಮೇಲೆ ಮನೆಯಲ್ಲಿ ಸದ್ದು ಮಾಡುತ್ತಿದ್ದದ್ದು ಆ ಬಾಣಲೆಯೊಂದೇ. ಪೇಟೆಯ ಅಂಗಡಿಗಳಿಗೆ ಅವಳ ಖಾರ ಹೋಗುತ್ತಿತ್ತು. ಸಂಜೆ ಒಲೆ ಆರಿದ ಮೇಲೆ ಮನೆ ಬಾವಿಯಂತೆ ತಣ್ಣಗಾಗುತ್ತಿತ್ತು.

ಸಂಕ್ರಾಂತಿಯ ಹೊತ್ತಿಗೆ ಆ ಮನೆಗೆ ಮಂದಿ ಬಂದರು. ಬಸ್ ಕಂಡಕ್ಟರನಾಗಿದ್ದ ಅಳಿಯ ಸುಭಾಸನಿಗೆ ಹಿರೇಕೆರೂರು ಡಿಪೋದಿಂದ ಸವಣೂರಿಗೆ ವರ್ಗವಾಯಿತು. ಮಲ್ಲಿಕಾಳಿಗೂ ಶಿಗ್ಗಾಂವಿಯ ಒಂದು ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ ಸಿಕ್ಕಿತು. ಜೊತೆಗೆ ಬಂದವಳು ಎರಡನೇ ಇಯತ್ತೆಯ ಮೊಮ್ಮಗಳು ಭಾಗ್ಯಶ್ರೀ. ಹೊಸ್ತಿಲ ಬಳಿ ಅಂಗೈಯಷ್ಟು ಉದ್ದದ ಕೆಂಪು ಚಪ್ಪಲಿಗಳು ಕಾಣಿಸಿಕೊಂಡವು. ಸರೋಜವ್ವ ಕಸ ಗುಡಿಸುವಾಗ ಅವನ್ನು ಎತ್ತಿ, ನೆಲ ಗುಡಿಸಿ, ಮತ್ತೆ ಅದೇ ಜಾಗದಲ್ಲಿ ಜೋಡಿಸಿಡುತ್ತಿದ್ದಳು.

ಆದರೆ ಹುಡುಗಿಗೆ ಶಾಲೆ ಒಗ್ಗಲಿಲ್ಲ. ಬೆಳಿಗ್ಗೆ ಅವ್ವ ಶಿಗ್ಗಾಂವಿ ಬಸ್ಸು ಹತ್ತಿದ ಕೂಡಲೆ ಅವಳ ಮುಖ ಮುದುಡಿಕೊಳ್ಳುತ್ತಿತ್ತು. ಅಜ್ಜಿಯ ಸೆರಗು ಹಿಡಿದು ಶಾಲೆಯ ಗೇಟಿನ ತನಕ ಬಂದು, ಅಲ್ಲಿ ಸೆರಗು ಬಿಡುವುದಕ್ಕೇ ಒಂದು ಹೊತ್ತು. ಹಾಜರಿ ಕರೆದರೆ ಕೈ ಎತ್ತುವಳು, ಬಾಯಿ ಬಿಡಳು. ಬಿಸಿಯೂಟದ ತಾಟಿನಲ್ಲಿ ಅನ್ನ ಹಾಗೇ ಇರುತ್ತಿತ್ತು. ಮನೆಗೆ ಬಂದ ಮೇಲೂ ಕೇಳಿದ್ದಕ್ಕಷ್ಟೇ ಉತ್ತರ.

“ಅವ್ವಾ, ಆಕೀ ಮಾರಿ ನೋಡು, ಹ್ಯಾಂಗ ಬಾಡೇತಿ,” ಎಂದಳು ಮಲ್ಲಿಕಾ ಒಂದು ಸಂಜೆ. “ಹಿರೇಕೆರೂರಾಗ ಭಾವಾರ ಮನ್ಯಾಗ ಬಿಟ್ಟ ಬರ್ತೇನಿ. ಹಳೀ ಸಾಲಿ ಐತಿ, ಗೆಣತ್ಯಾರ ಅದಾರ. ಅಲ್ಲೆ ಅರ ನಕ್ಕೋಂತ ಇರ್ತಾಳ.”

“ತಾಯಿ ಇಲ್ಲೆ, ಕೂಸು ಅಲ್ಲೆ? ಚಂದ ಆತ ನೋಡು ನಿನ್ನ ಸಂಸಾರ. ಇನ್ನೊಂದೀಟ ದಿನ ತಡಿ. ಸಾಲಿಗೆ ನಾ ಹಚ್ಚತೇನಿ.”

“ಹ್ಯಾಂಗ ಹಚ್ಚತಿ?”

ಮಾರನೆಯ ಮಧ್ಯಾಹ್ನ ಊಟದ ಗಂಟೆ ಹೊಡೆದಾಗ ಸರೋಜವ್ವ ಶಾಲೆಯ ಗೇಟಿನಲ್ಲಿದ್ದಳು. ಕಂಕುಳಲ್ಲಿ ಒಂದು ಡಬ್ಬಿ.

“ಏ, ಬರ್ರಿ ಇಲ್ಲೆ. ಇಕಿ ನನ್ನ ಮೊಮ್ಮಗಳು. ಇಕೀ ಜೋಡಿ ಆಡೋರಿಗೆಲ್ಲಾ ಖಾರ ಐತಿ.”

ಅರೆಗಳಿಗೆಯಲ್ಲಿ ಗೇಟಿಗೆ ಜಾತ್ರೆ ನೆರೆಯಿತು.

“ನಾ ಆಡ್ತೇನಿ ಆಯಿ!”

“ನಾ ನಿನ್ನೇನ ಆಡಬೇಕಂತ ಮಾಡಿದ್ದೆ!”

“ನನಗ ಇನ್ನೊಂದೀಟ ಹಾಕ್ರಿ, ನಾ ಭಾಳ ಆಡ್ತೇನಿ.”

ಮೂರನೇ ಇಯತ್ತೆಯ ಶಾಕೀರಾ ಎಂಬ ಉದ್ದ ಜಡೆಯ ಹುಡುಗಿ ಸೊಂಟಕ್ಕೆ ಕೈಯಿಟ್ಟು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದಳು. ತನ್ನ ಪಾಲನ್ನು ಮಾತ್ರ ಸಾಲಿನಲ್ಲಿ ನಿಲ್ಲದೆ ತಗೊಂಡಳು. ಭಾಗ್ಯಶ್ರೀ ನಡುವೆ ನಿಂತಿದ್ದಳು, ಮದುವೆಮನೆಯಲ್ಲಿ ಯಾರದೋ ಕೈಗೆ ಕೊಟ್ಟ ತಂಬಿಗೆಯ ಹಾಗೆ. ಆದರೂ ಅವಳ ಸುತ್ತ ಮಕ್ಕಳಿದ್ದರು. ಸರೋಜವ್ವನಿಗೆ ಅಷ್ಟು ಸಾಕಾಯಿತು.

ದಿನವೂ ಹೀಗೇ ನಡೆಯಿತು. ತರಗತಿಗೆ ಕಲಿಸುವ ಅಕ್ಕೋರು ಮುಮ್ತಾಜಬೇಗಂ, ಬಂಕಾಪುರದಿಂದ ಬಸ್ಸಿಗೆ ಬಂದುಹೋಗುವ ಮೆಲುದನಿಯ ಹೆಂಗಸು, ಒಮ್ಮೆ ಗೇಟಿನ ಹತ್ತಿರ ಬಂದು ಹೇಳಿದರು. “ಸರೋಜವ್ವಾರ, ನೀವು ದಿನಾ ಬಂದ್ರ ಆಕೀ ಕಣ್ಣು ಗೇಟಿನ ಕಡೇನ ಇರ್ತಾವ್ರಿ. ತಾನಾಗೇ ಹೊಂದಿಕೊಳ್ಳಲಿ ಬಿಡ್ರಿ.”

“ಖರೇ ಅದ ಅಕ್ಕೋರ, ಖರೇ ಅದ. ತಗೋರಿ, ಇದು ನಿಮಗಂತ ಬ್ಯಾರೇ ತಂದೇನಿ. ಬಳ್ಳೊಳ್ಳಿ ಒಂಚೂರು ಮುಂದ ಮಾಡೇನಿ.”

ಅಕ್ಕೋರು ನಕ್ಕು ಪೊಟ್ಟಣ ತಗೊಂಡರು. ಮರುದಿನವೂ ಸರೋಜವ್ವ ಬಂದಳು.

ಮಾಘದ ಚಳಿ ಇಳಿದು ಬಿಸಿಲು ಏರತೊಡಗಿದ ಒಂದು ಮುಂಜಾನೆ, ಹಿತ್ತಲ ಗೋಡೆಯ ಆಚೆಯಿಂದ ಹೊಳೆವ್ವ ಇಣುಕಿದಳು. ಎರಡು ಮನೆಗೂ ಒಂದೇ ಗೋಡೆ, ಒಂದೇ ನೀರಿನ ತೊಟ್ಟಿ.

“ಸರೂ, ನಮ್ಮ ಹುಡುಗಗ ಅಮ್ಮ ಬಂದಾಳವಾ. ಮೈತುಂಬಾ ಎದ್ದಾಳ.”

ಹೊಳೆವ್ವ ಬೇರೇನೂ ಹೇಳಬೇಕಿರಲಿಲ್ಲ. ಮನೆಯಲ್ಲಿ ಮಗುವಿನ ಮೈಮೇಲೆ ಸೀತಾಳೆ ಸಿಡುಬಿನ ಗುಳ್ಳೆ ಎದ್ದರೆ ಒಗ್ಗರಣೆ ಹಾಕುವಂತಿಲ್ಲ, ಕರಿಯುವಂತಿಲ್ಲ. ಎಣ್ಣೆಯ ಘಾಟು ಅಮ್ಮನಿಗೆ ಆಗದು. ಒಂದೇ ಗೋಡೆಯ ಮನೆಗೂ ಅದೇ ಕಟ್ಟು. ಸರೋಜವ್ವ ಕಾಯಲಿಟ್ಟ ಎಣ್ಣೆಯನ್ನು ಆರಿಸಿ ಡಬ್ಬಿಗೆ ಸುರಿದಳು. ಬಾಣಲೆ ತಿಕ್ಕಿ ತೊಳೆದು ಬೋರಲು ಹಾಕಿದಳು. ಬೇವಿನ ಸೊಪ್ಪು ಮುರಿದು ತಂದು ಗೋಡೆಯ ಆಚೆ ಚಾಚಿದಳು.

“ದವಾಖಾನಿಗೆ ತೋರಿಸಿರೇನ?”

“ತೋರಿಸೇವಿ. ಅವರ ಗುಳಿಗಿನೂ ನಡದಾವು, ನಮ್ಮ ಬೇವಿನ ತಪ್ಪಲಾನೂ ನಡದೈತಿ.”

ಭಾಗ್ಯಶ್ರೀಯ ಬಗ್ಗೆ ಸರೋಜವ್ವನಿಗೆ ಹೆದರಿಕೆ ಇರಲಿಲ್ಲ. ಹಿರೇಕೆರೂರಿನಲ್ಲಿ ಅಂಗನವಾಡಿಗೆ ಹೋಗುವಾಗಲೇ ಅವಳಿಗೆ ಎದ್ದು ಮುಗಿದಿತ್ತು. ಹೆದರಿಕೆ ಮಧ್ಯಾಹ್ನದ್ದು. ಡಬ್ಬಿ ಖಾಲಿಯಿತ್ತು. ಪೇಟೆಯಲ್ಲಿ ಬೇರೆಯವರ ಖಾರ ಕೊಳ್ಳಬಹುದಿತ್ತು. ಆ ಯೋಚನೆ ಬಂದ ಕೂಡಲೆ, ಯಾರಾದರೂ ಕೇಳಿಸಿಕೊಂಡರೇನೋ ಎಂಬಂತೆ ಅವಳು ತಲೆ ಕೊಡವಿದಳು. ಬರಿಗೈಯಲ್ಲೇ ಹೋದಳು.

“ಇವತ್ತ ಇಲ್ಲ ಮಕ್ಕಳ್ರ್ಯಾ. ಒಲಿ ಹಚ್ಚಂಗಿಲ್ಲ.”

“ನಾಳೆ?”

“ನಾಳೆನೂ ಇಲ್ಲ. ಅಮ್ಮ ಹೋಗೂತನಾ ಇಲ್ಲ.”

ತಕ್ಕಡಿಯಿಂದ ಕಲ್ಲು ತೆಗೆದಂತೆ ಗುಂಪು ಒಮ್ಮೆಲೆ ಹಗುರಾಯಿತು. ಹೋಗುವಾಗ ಒಬ್ಬ ಹುಡುಗ ತಿರುಗಿ, “ಖಾರದಾಕಿ ಖಾಲಿ ಆದ್ಲ ನೋಡ್ರಲೇ,” ಎಂದ. ಅದು ತನಗೆ ಅಂದದ್ದೆಂದು ಸರೋಜವ್ವ ಮೊದಲು ತಿಳಿದಳು. ಮಕ್ಕಳು ನಕ್ಕು ನೋಡಿದ್ದು ಭಾಗ್ಯಶ್ರೀಯ ಕಡೆಗೆ. ಇಷ್ಟು ದಿನ ಅವರು ಅವಳನ್ನು ಕರೆಯುತ್ತಿದ್ದದ್ದು ಆ ಹೆಸರಿನಿಂದಲೇ. ಹುಡುಗಿಗೆ ಗೆಳತಿಯರನ್ನು ತಂದುಕೊಟ್ಟೆನೆಂದುಕೊಂಡಿದ್ದ ಸರೋಜವ್ವ ತನ್ನ ಖಾರಕ್ಕೆ ಗಿರಾಕಿಗಳನ್ನು ತಂದಿದ್ದಳು.

ಆ ರಾತ್ರಿ ಊಟಕ್ಕೆ ಕೂತಾಗ ಹುಡುಗಿ ಕೇಳಿದಳು. “ಆಯಿ, ನಾಳೆ ಖಾರ ಮಾಡ್ತಿ?”

“ಇಲ್ಲ ಬಂಗಾರ.”

“ಹಂಗಾರ ನಾ ಸಾಲಿಗೆ ಒಲ್ಲೆ.”

ಮಲ್ಲಿಕಾ ತಾಯಿಯ ಮುಖ ನೋಡಿದಳು. ಕೈ ತೊಳೆದವಳೇ ಹೊರಗೆ ಹೋಗಿ, ಹಿರೇಕೆರೂರಿಗೆ, ಗಂಡನ ಅಣ್ಣ ಪರಮೇಶಪ್ಪನಿಗೆ ಫೋನು ಮಾಡಿದಳು. ಅವರು ಗೋವಿನಜೋಳದ ಒಕ್ಕಣೆಯಲ್ಲಿದ್ದರು. ಬರುವ ಐತವಾರ ಬಿಟ್ಟು ಅದರ ಮುಂದಿನ ಐತವಾರ ಬಂದು ಕರೆದೊಯ್ಯುವುದೆಂದು ಆಯಿತು.

ಅಲ್ಲಿಯ ತನಕವಾದರೂ ಶಾಲೆ ತಪ್ಪಬಾರದೆಂದು ಸರೋಜವ್ವ ಮೊಮ್ಮಗಳನ್ನು ದಿನವೂ ಕರೆದೊಯ್ದಳು. ಮಧ್ಯಾಹ್ನ ಕಾಲುಗಳು ತಾವಾಗಿ ಅತ್ತ ನಡೆಯುತ್ತಿದ್ದವು. ಆದರೆ ಗೇಟಿಗೆ ಹೋಗಲು ನಾಚಿಕೆ. ರಸ್ತೆಯ ಈಚೆ, ಪಂಕ್ಚರ್ ಅಂಗಡಿಯ ನೆರಳಲ್ಲಿ ನಿಂತು ನೋಡುತ್ತಿದ್ದಳು.

ಅಮ್ಮ ಹೊಳೆವ್ವನ ಮನೆಯಲ್ಲಷ್ಟೇ ಇರಲಿಲ್ಲ. ಓಣಿಯಿಂದ ಓಣಿಗೆ ದಾಟಿದ್ದಳು. ಶಾಲೆಯ ಅಂಗಳ ದಿನದಿನಕ್ಕೆ ಬರಿದಾಗುತ್ತ ಬಂತು. ಗುಳ್ಳೆ ಒಣಗಿ ಉದುರುವ ತನಕ ಮನೆಯಲ್ಲೇ ಇರಲಿ ಎಂದು ಅಕ್ಕೋರು ತಾಯಂದಿರಿಗೆ ಹೇಳಿ ಕಳಿಸಿದ್ದರು. ಒಂದರಿಂದ ಮೂರರ ತನಕದ ಮಕ್ಕಳು ಕೂಡುವ ಆ ದೊಡ್ಡ ಕೋಣೆಯಲ್ಲಿ ಬೆರಳೆಣಿಕೆಯ ಮಕ್ಕಳು ಉಳಿದರು. ಅಕ್ಕೋರು ಅವರನ್ನೆಲ್ಲ ಹಿಂದು ಮುಂದಿಲ್ಲದೆ ಒಂದೇ ಸುತ್ತಿನಲ್ಲಿ ಕೂರಿಸಿಕೊಂಡರು. ಹಿಂದಿನ ಮೂಲೆಯಲ್ಲಿ ಕೂಡುತ್ತಿದ್ದ ಭಾಗ್ಯಶ್ರೀಗೆ ಈಗ ಹಿಂದಿನ ಮೂಲೆಯೇ ಇರಲಿಲ್ಲ.

ಪರಮೇಶಪ್ಪ ಬರುವ ವಾರದ ಗುರುವಾರ. ಅಂಗಳದ ಧೂಳಿನಲ್ಲಿ ಯಾರೋ ಕುಂಟಾಟದ ಮನೆಗಳನ್ನು ಗೀಚಿದ್ದರು. ಹಂಚಿನ ಬಿಲ್ಲೆ ಎಸೆದು ಒಂಟಿಕಾಲಲ್ಲಿ ಕುಂಟುತ್ತಿದ್ದವರು ನಾಲ್ಕಾರು ಮಕ್ಕಳಷ್ಟೇ. ಇದ್ದಕ್ಕಿದ್ದಂತೆ ಕೂಗಾಟ ಕೇಳಿಸಿತು.

“ಔಟ್! ಗೆರಿ ತುಳದಿ!” ಅದು ಶಾಕೀರಾಳ ದನಿ.

“ನಾ ಔಟ್ ಅಲ್ಲ!”

ಈ ಎರಡನೆಯ ದನಿ ಯಾರದೆಂದು ಸರೋಜವ್ವನಿಗೆ ತಕ್ಷಣ ಗುರುತು ಹತ್ತಲಿಲ್ಲ.

“ಹಿಮ್ಮಡ ತಾಗೇತಿ, ನಾ ಕಣ್ಣಾರೆ ನೋಡೇನಿ.”

“ಹಿಮ್ಮಡ ತಾಗಿದ್ರ ಔಟ್ ಅಲ್ಲ. ಕಾಲ್ಬಟ್ಟು ತಾಗಿದ್ರ ಅಷ್ಟ ಔಟ್. ಹಿರೇಕೆರೂರಾಗ ಹಂಗ!”

“ಇದೇನ ಹಿರೇಕೆರೂರೇನ? ಇದು ಸವಣೂರ!”

“ಸವಣೂರವ್ರಿಗೆ ಆಡಾಕ ಬರಂಗಿಲ್ಲ!”

ಭಾಗ್ಯಶ್ರೀ ಕತ್ತು ಚಾಚಿ, ಮುಷ್ಟಿ ಬಿಗಿದು, ತನಗಿಂತ ಗೇಣುದ್ದ ಎತ್ತರದ ಹುಡುಗಿಯ ಎದುರು ನಿಂತಿದ್ದಳು. ಸರೋಜವ್ವ ಎಡಬಲ ನೋಡದೆ ರಸ್ತೆ ದಾಟಿದಳು. ಸೈಕಲ್ಲಿನವನೊಬ್ಬ ಬೈದುಕೊಂಡು ಹೋದ. ಗೇಟಿಗೆ ಕೈ ಹಾಕುವಷ್ಟರಲ್ಲಿ ಒಳಗಿನಿಂದ ಅಕ್ಕೋರು ಅಗುಳಿಯ ಮೇಲೆ ಕೈಯಿಟ್ಟರು.

“ನಿಂದ್ರಿ ಸರೋಜವ್ವಾರ. ಜಗಳಾಡ್ಲಿ ಬಿಡ್ರಿ.”

“ಅಯ್ಯ, ಆಕಿ ದೊಡ್ಡಾಕಿ ಅದಾಳ್ರಿ. ಹೊಡದ್ರ?”

“ಹೊಡದ್ರ ನಾ ಇಲ್ಲೇ ಅದೇನಿ. ಹಾಜರಿಗೂ ಬಾಯಿ ಬಿಡದ ಹುಡುಗಿ ಸವಣೂರಿಗೆಲ್ಲಾ ಬೈಯಾಕತ್ತಾಳ. ಕೇಳ್ರಿ ಒಂದೀಟು.”

ಸರೋಜವ್ವ ಗೇಟಿನ ಹೊರಗೆ ನಿಂತಳು. ಕೈಗಳಿಗೆ ಏನು ಕೆಲಸ ಕೊಡಬೇಕೋ ತಿಳಿಯದೆ ಸೆರಗಿನಲ್ಲಿ ಸುತ್ತಿಕೊಂಡಳು. ಒಳಗೆ ಜಗಳ ನಡೆದೇ ಇತ್ತು. ಭಾಗ್ಯಶ್ರೀ, “ಹಂಗಾರ ನಾ ಆಡಂಗಿಲ್ಲ,” ಎಂದು ಬಿಲ್ಲೆ ಎಸೆದು ಹೊರಟಳು. ಇನ್ನು ಅವಳು ಗೇಟಿನ ಕಡೆ ಓಡಿ ಬರುತ್ತಾಳೆಂದು ಅಜ್ಜಿ ಸೆರಗಿನಿಂದ ಕೈ ಬಿಡಿಸಿಕೊಂಡಳು.

ಓಡಿ ಬಂದವಳು ಶಾಕೀರಾ, ಭಾಗ್ಯಶ್ರೀಯ ಹಿಂದೆ.

“ಏ ಭಾಗೀ, ನೀ ಹೋದ್ರ ಆಡಾಕ ಮಂದಿ ಎಲ್ಲದಾರ? ಎಲ್ಲಾರಿಗೂ ಅಮ್ಮ ಬಂದು ಮಲಗ್ಯಾರ. ಬಾರ ಲಗೂ, ಗಂಟಿ ಹೊಡೀತಾರ.”

“ನಾ ಔಟ್ ಅಲ್ಲ ಅನ್ನು.”

ಶಾಕೀರಾ ಯೋಚಿಸಿದಳು. “ಇವತ್ತ ಔಟ್. ಇವತ್ತ ಸವಣೂರ ಆಟ. ಶನಿವಾರ ತನಾ ಇದ ಆಟ. ಸೋಮವಾರದಿಂದ ನಿಮ್ಮೂರ ಆಟ ಆಡೋಣು. ನೀ ಕಲಸು.”

ಭಾಗ್ಯಶ್ರೀ ಮೂಗು ಒರೆಸಿಕೊಂಡು ಹಿಂದಿರುಗಿದಳು. ಗೇಟಿನ ಕಡೆ ನೋಡಲಿಲ್ಲ.

ಮನೆಯಲ್ಲಿ ಅವಳು ಇದನ್ನು ಹೇಳಲಿಲ್ಲ, ಸರೋಜವ್ವನೂ ಹೇಳಲಿಲ್ಲ. ಹೇಳಿದರೆ ಒಡೆದುಹೋದೀತೆಂಬ ಭಯ. ಎರಡು ದಿನ ಹುಡುಗಿ ಹಿತ್ತಲಲ್ಲಿ ಗೆರೆ ಗೀಚಿ ಒಬ್ಬಳೇ ಕುಂಟುತ್ತ ಏನೇನೋ ಗುಣುಗುತ್ತಿದ್ದಳು. ಮಲ್ಲಿಕಾ ಶನಿವಾರ ಸಂಜೆ ಮಗಳ ಬಟ್ಟೆಗಳನ್ನು ಮಡಚಿ ಚೀಲಕ್ಕೆ ತುಂಬಿದಳು. ಒಂದೊಂದು ಲಂಗವನ್ನೂ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಸವರಿ ಮಡಚಿದಳು.

ಐತವಾರ ಪರಮೇಶಪ್ಪ ಬಂದರು. ಚಹಾ ಕುಡಿದರು. ಕರಿದದ್ದೇನೂ ಇಲ್ಲವೆಂದು ಸರೋಜವ್ವ ಸಂಕೋಚಪಟ್ಟಾಗ, “ಇರ್ಲಿ ಬಿಡ್ರಿ ಬೀಗತ್ಯಾರ, ಅಮ್ಮ ದೊಡ್ಡಾಕಿ,” ಎಂದರು. ಆಮೇಲೆ ಕಟ್ಟೆಯ ಮೇಲೆ ಕೂತಿದ್ದ ಹುಡುಗಿಯನ್ನು ಕರೆದರು.

“ನಡಿಯವಾ ಭಾಗಮ್ಮ. ಹನ್ನೆರಡರ ಬಸ್ಸಿಗೆ ಹೋಗೋಣು. ನಿನ್ನ ಗೆಣತ್ಯಾರು ದಾರಿ ಕಾಯಾಕತ್ತಾರ.”

ಭಾಗ್ಯಶ್ರೀ ಚೀಲ ನೋಡಿದಳು. ಅವ್ವನನ್ನು ನೋಡಿದಳು.

“ಇವತ್ತ ಬರಾಕ ಆಗಂಗಿಲ್ಲ ದೊಡ್ಡಪ್ಪ.”

“ಯಾಕವಾ?”

“ನಾಳೆ ನಮ್ಮೂರ ಆಟ ಐತಿ. ಇಲ್ಲೆ ಯಾರಿಗೂ ಬರಂಗಿಲ್ಲ. ನಾ ಇಲ್ಲಂದ್ರ ಶಾಕೀರಾ ಎಲ್ಲಾ ತಪ್ಪ ಕಲಸತಾಳ.”

“ಹಂಗಾರ ಮಂಗಳವಾರ ಬರ್ಲ್ಯಾ?”

ಹುಡುಗಿ ಗಂಭೀರವಾಗಿ ವಿಚಾರ ಮಾಡಿದಳು. “ಮಂಗಳವಾರನೂ ಆಟ ಐತಿ. ನೀವು ಸೂಟಿಯೊಳಗ ಬರ್ರಿ.”

ಪರಮೇಶಪ್ಪ ಗಟ್ಟಿಯಾಗಿ ನಕ್ಕರು. ಮಲ್ಲಿಕಾ ನಗಲಿಲ್ಲ. ಚೀಲವನ್ನು ಎತ್ತಿಕೊಂಡು ಒಳಗೆ ಹೋದಳು. ತುಸು ಹೊತ್ತಿನ ಮೇಲೆ ಬಟ್ಟೆಯ ಟ್ರಂಕಿನ ಮುಚ್ಚಳ ತೆರೆದ ಸದ್ದು ಬಂತು. ಸರೋಜವ್ವ ಬೀಗರಿಗೆ ಇನ್ನೊಂದು ಕಪ್ ಚಹಾ ಇಡಲು ಎದ್ದಳು, ಅವರು ಬೇಡವೆಂದರೂ.

ಸೋಮವಾರ ಗೇಟಿನ ಹತ್ತಿರ ಬಂದಾಗ ಹುಡುಗಿ ಸೆರಗು ಹಿಡಿದಿರಲಿಲ್ಲ. ನಿಂತು, ಯಾರಿಗೂ ಕೇಳದಂತೆ ಹೇಳಿದಳು. “ಆಯಿ, ಮಧ್ಯಾಹ್ನ ನೀ ಬರಬ್ಯಾಡ.”

“ಯಾಕ ಬಂಗಾರ?”

“ಆ ಪಂಕ್ಚರ್ ಅಂಗಡ್ಯಾಗ ನಿಂದರ್ತಿ, ಶಾಕೀರಾ ನಗತಾಳ. ನಾ ಏನ ಸಣ್ಣ ಕೂಸೇನ?”

ಊಟದ ಗಂಟೆ ಹೊಡೆದದ್ದು ಮನೆಯ ತನಕ ಕೇಳಿಸಿತು. ಸರೋಜವ್ವ ತೊಟ್ಟಿಯ ಬಳಿ ಹೊಳೆವ್ವನ ಜೊತೆ ಕೂತು ಮೆಂತ್ಯಸೊಪ್ಪು ಬಿಡಿಸುತ್ತಿದ್ದಳು. ಅಭ್ಯಾಸಬಲದಿಂದ ಎದ್ದು ನಿಂತವಳು ಮತ್ತೆ ಕೂತಳು.

“ಯಾಕ ಸರೂ, ಇವತ್ತ ಸಾಲಿಗೆ ಹೋಗಂಗಿಲ್ಲ?” ಎಂದಳು ಹೊಳೆವ್ವ.

“ಬರಬ್ಯಾಡ ಅಂದಾಳ,” ಎಂದಳು ಸರೋಜವ್ವ. ಅದು ದೂರೋ ಜಂಬವೋ ಅವಳಿಗೇ ತಿಳಿಯಲಿಲ್ಲ. ಒಂದು ಕಡ್ಡಿಯಿಂದ ಎಲೆಗಳನ್ನೆಲ್ಲ ಬಿಡಿಸಿ, ಬುಟ್ಟಿಗೆ ಹಾಕಬೇಕಾದ ಎಲೆಯನ್ನು ಕಸಕ್ಕೆ ಹಾಕಿ, ಕಡ್ಡಿಯನ್ನು ಬುಟ್ಟಿಗೆ ಹಾಕಿದಳು.