ಸೀಟಿನ ಕೆಳಗಿದ್ದ ದಪ್ಪ ತಂತಿ

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಮೊದಲ ಚಳಿಗಾಲದಲ್ಲಿ ನನ್ನನ್ನು ಅಲ್ಲಿಗೆ ದನದ ಡಾಕ್ಟರಾಗಿ ಕಳಿಸಿದರು. ಬಂದು ಮೂರು ವಾರವಾಗುವಷ್ಟರಲ್ಲಿ ಔರಾದ ತಾಲ್ಲೂಕಿನಿಂದ ಸುದ್ದಿ ಬಂತು: ಎಕಂಬಾದ ಪಕ್ಕದ ಊರಿನಲ್ಲಿ ದನಗಳಿಗೆ ದೊಡ್ಡರೋಗ. ಎಕಂಬಾಕ್ಕೆ ಹಬ್ಬುವ ಮೊದಲು ಅಲ್ಲಿಯ ದನಗಳಿಗೆ ಚುಚ್ಚುಮದ್ದು ಹಾಕಬೇಕಿತ್ತು. ಮದ್ದಿನ ಶೀಸೆಗಳು ಮಂಜುಗಡ್ಡೆಯಲ್ಲಿರಬೇಕು, ದನಗಳು ಹಗ್ಗದಲ್ಲಿರಬೇಕು. ಹೊತ್ತು ಏರಿ ದನ ಮೇಯಲು ಹೋದರೆ ಸಂಜೆಯವರೆಗೆ ಕೈಗೆ ಸಿಗುವುದಿಲ್ಲ. ಅಷ್ಟರಲ್ಲಿ ಮಂಜುಗಡ್ಡೆ ನೀರಾಗಿ, ಮದ್ದು ಕೆಟ್ಟಿರುತ್ತದೆ. ಆದ್ದರಿಂದ ಬೆಳಗಾಗುವ ಮೊದಲೇ ದಾರಿ ಸಾಗಬೇಕಿತ್ತು.

ನಮ್ಮ ಜೀಪು ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ್ದು. ಅದರ ಎರಡೂ ದೀಪಗಳು ಒಡೆದಿದ್ದವು. ಹೈದರಾಬಾದಿನ ರೈಲಿನಲ್ಲಿ ಹೊಟ್ಟಿನೊಳಗೆ ಬಂದ ಮಂಜುಗಡ್ಡೆಯನ್ನು ಪೆಟ್ಟಿಗೆಗೆ ತುಂಬಿಕೊಂಡು, ಡ್ರೈವರ್ ಮಾಣಿಕಪ್ಪ ಜೀಪನ್ನು ಚೌಬಾರಾ ಗೋಪುರದ ಹತ್ತಿರದ ಖಾಸಿಂ ಸಾಹೇಬರ ಮೋಟಾರು ರಿಪೇರಿ ಅಂಗಡಿಗೆ ಒಯ್ದ. ಮುಂದಿನ ಬಂಪರಿನ ಮೇಲೆ ಎರಡು ಹೊರದೀಪ ಕೂರಿಸಬೇಕಿತ್ತು.

ಖಾಸಿಂ ಸಾಹೇಬರು ಬೆರಳಿನಷ್ಟು ದಪ್ಪದ, ರಬ್ಬರು ಹೊದಿಕೆಯ ತಂತಿ ಎಳೆದರು. ನನಗೆ ಅದು ಅತಿಯಾಯಿತು ಅನ್ನಿಸಿತು.

"ಇಷ್ಟು ದಪ್ಪ ಯಾಕೆ? ನನ್ನ ಮನೆಯ ಬಲ್ಬು ಇದಕ್ಕಿಂತ ದೊಡ್ಡದು. ಸಣ್ಣ ತಂತಿಯಲ್ಲೇ ಉರಿಯುತ್ತದೆ."

"ಅದು ಮನಿ ಕರೆಂಟ್ರಿ, ಡಾಕ್ಟರ್ ಸಾಬ್. ಇದು ಆರು ವೋಲ್ಟಿನ ಬ್ಯಾಟರಿ. ಜೋರು ಕಮ್ಮಿ ಇದ್ದಷ್ಟೂ ಕರೆಂಟ್ ಜಾಸ್ತಿ ಹರೀಬೇಕು. ಸಣ್ಣ ತಂತಿ ಕಾಯ್ತದ್ರಿ."

ಕಾಲೇಜಿನಲ್ಲಿ ಇದನ್ನೇ ಓದಿ ಪರೀಕ್ಷೆ ಬರೆದವನು ನಾನು. ಆ ಗಳಿಗೆಯಲ್ಲಿ ಅದು ನೆನಪಾಯಿತೋ, ನೆನಪಾಗಿಯೂ ಒಪ್ಪಲಿಲ್ಲವೋ, ಈಗ ಹೇಳಲಾರೆ. ಅವರು ಎಡದೀಪದ ತಂತಿಯ ತುದಿಗೆ ಹಿತ್ತಾಳೆ ಪಿನ್ನು ಬೆಸೆದು, ದೀಪದ ಕೊಳವೆಗೆ ಒತ್ತಿ, ಮೇಲೆ ರಬ್ಬರು ಏರಿಸಿದರು. ಜೀಪಿನ ತುಕ್ಕು ಹಿಡಿದ ಮೈಯನ್ನು ನಂಬದೆ, ವಾಪಸು ತಂತಿಯನ್ನೂ ಬ್ಯಾಟರಿಯವರೆಗೆ ಬೇರೆಯಾಗಿಯೇ ಎಳೆದರು. ಒಂದು ದೀಪಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಪೆಟ್ಟಿಗೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಅಷ್ಟರಲ್ಲಿ ಅವರು ನಮಾಜಿಗೆ ಎದ್ದರು. ನನಗೆ ತಡೆಯಲಾಗಲಿಲ್ಲ. ಅಲ್ಲೇ ಬಿದ್ದಿದ್ದ ಸಣ್ಣ ತಂತಿ ತೆಗೆದುಕೊಂಡು, ಬಲದೀಪಕ್ಕೆ ಕೈಯಿಂದಲೇ ಹೊಸೆದು, ಟೇಪು ಸುತ್ತಿದೆ. ಹತ್ತು ನಿಮಿಷದ ಕೆಲಸ. ದೀಪ ಹತ್ತಿತು. ವಾಪಸು ಬಂದ ಖಾಸಿಂ ಸಾಹೇಬರು ಬಗ್ಗಿ ಜೋಡಣೆಯನ್ನು ಮುಟ್ಟಿ ನೋಡಿ, "ಅಚ್ಛಾ, ಬತ್ತಿ ಹತ್ತ್ಯದಲ್ಲ. ಇರ್ಲಿ ಬಿಡ್ರಿ" ಎಂದರು. ನಾನು ಗೆದ್ದೆ ಅಂದುಕೊಂಡೆ.

ರಾತ್ರಿ ತಂಗಬೇಕಿದ್ದ ಭಾಲ್ಕಿಗೆ ಇಪ್ಪತ್ತೈದು ಮೈಲಿ, ಕೆಮ್ಮಣ್ಣಿನ ದಾರಿ. ಕೊನೆಯ ಐದಾರು ಮೈಲಿ ಕತ್ತಲಾಯಿತು. ಮಾಣಿಕಪ್ಪ ಭಾಲ್ಕಿ ತಾಲ್ಲೂಕಿನ ಸಾಯಗಾಂವದವನು, ಬಾಯಿ ಸುಮ್ಮನಿರದು.

"ಸಾಹೇಬ್ರ, ನಮ್ಮ ಜೀಪಿನ ಎಡಗಣ್ಣು ಬೆಳ್ಳಗ ಅದ. ಬಲಗಣ್ಣಿಗಿ ಕಾಮಣಿ ಆಗ್ಯದ ನೋಡ್ರಿ, ಹಳದಿ ಹೊಡಿಲತ್ತದ."

"ಬಲ್ಬು ಹಳೆಯದಿರಬೇಕು."

"ಹೂನ್ರಿ, ಬಲ್ಬೇ ಇರಬೇಕು" ಎಂದು ಅವನು ನಕ್ಕ.

ಭಾಲ್ಕಿಯ ದನದ ದವಾಖಾನೆಯಲ್ಲಿ ಅವರ ಪಾಲಿನ ಮದ್ದು ಕೊಟ್ಟು, ಜೋಳದ ರೊಟ್ಟಿ, ಪುಂಡಿಪಲ್ಯ ಉಂಡು ಅಲ್ಲೇ ಮಲಗಿದೆವು. ನಸುಕಿನ ನಾಲ್ಕಕ್ಕೆ ಹೊರಟೆವು. ಕೈ ಸೆಟೆಯುವ ಚಳಿ. ಮಾಂಜ್ರಾ ನದಿಯ ಮೇಲೆ ಮಂಜು ಕವಿದಿತ್ತು. ನೀರು ಮೊಣಕಾಲುದ್ದ. ಜೀಪು ನೀರಿಗಿಳಿದು, ಬಂಪರು ತೊಯ್ದು, ಆಚೆ ದಡ ಹತ್ತುವಾಗ ಎರಡೂ ದೀಪಗಳು ಒಟ್ಟಿಗೆ ಆರಿದವು. ಸುಟ್ಟ ರಬ್ಬರಿನ ವಾಸನೆ ಬಂತು.

ಟಾರ್ಚು ಹಿಡಿದು ನೋಡಿದೆ. ನನ್ನ ತಂತಿ ಕಾದು ಹೊದಿಕೆ ಕರಗಿತ್ತು, ಒದ್ದೆ ಟೇಪು ಬಿಚ್ಚಿಕೊಂಡಿತ್ತು, ಬರಿ ತಾಮ್ರ ಬಂಪರಿಗೆ ತಾಗಿತ್ತು. ಎರಡಕ್ಕೂ ಇದ್ದ ಒಂದೇ ಫ್ಯೂಜು ಸುಟ್ಟಿತ್ತು. ಮುಂದೆ ಒಂದೇ ಬಂಡಿ ಹಿಡಿಯುವಷ್ಟು ದಾರಿ, ಪಕ್ಕದಲ್ಲಿ ಕೊರಕಲು. ಬೆಳಕಾಗುವವರೆಗೆ ಕಾದರೆ ಎಕಂಬಾದ ದನ ಬಿಟ್ಟಿರುತ್ತಾರೆ. ಪೆಟ್ಟಿಗೆಯಲ್ಲಿ ಕೈಯಿಟ್ಟರೆ ಮುಷ್ಟಿಯಷ್ಟು ಗಡ್ಡೆ ಉಳಿದಿತ್ತು. ನನ್ನ ಅವಸರದಿಂದ ಒಂದು ಊರಿನ ದನಗಳು ಸಾಯುತ್ತವೆ ಅಂದುಕೊಂಡೆ.

ಮಾಣಿಕಪ್ಪ ತನ್ನ ಸೀಟು ಎತ್ತಿದ. ಕೆಳಗೆ ಹಳೆಯ ಬಟ್ಟೆಯ ಗಂಟು. ಬಿಚ್ಚಿದರೆ ದಪ್ಪ ತಂತಿ, ಬಲದೀಪಕ್ಕೆ ಬೇಕಾದಷ್ಟೇ ಉದ್ದ. ಎರಡೂ ತುದಿಗೆ ಪಿನ್ನು ಬೆಸೆದೇ ಇತ್ತು. ಜೊತೆಗೆ ಎರಡು ಫ್ಯೂಜು.

"ಇದು ಎಲ್ಲಿಂದ ಬಂತು?"

"ಖಾಸಿಂ ಚಾಚಾ ಕೊಟ್ಟಾರ್ರಿ. ನೀವು ಪೆಟಗಿ ಕಟ್ಟಲತ್ತಿದ್ರಿ, ಆವಾಗ. 'ಡಾಕ್ಟರ್ ಸಾಬ್ರ ಮುಂದ ತೆಗಿಬ್ಯಾಡ, ಬತ್ತಿ ಹೋದ್ರ ಅಷ್ಟ ತೆಗಿ, ಓದಿದ ಮನಷ್ಯಾ, ಮನಸ್ಸಿಗಿ ನೋವಾಗ್ತದ' ಅಂದ್ರು."

ನಾನು ಟಾರ್ಚು ಹಿಡಿದೆ, ಅವನು ಪಿನ್ನು ಒತ್ತಿದ. ಕಾಲು ಗಂಟೆಯಲ್ಲಿ ಎರಡೂ ದೀಪ ಬೆಳ್ಳಗೆ ಹತ್ತಿದವು. ಔರಾದ ದಾಟುವಾಗ ಮೂಡಲು ಕೆಂಪಾಗುತ್ತಿತ್ತು.

ಎಕಂಬಾ ಮುಟ್ಟಿದಾಗ ಲಕ್ಷ್ಮೀಬಾಯಿ ಎಂಬ ಮುದುಕಿ ಎತ್ತಿನ ಹಗ್ಗಕ್ಕೆ ಕೈ ಹಚ್ಚಿದ್ದಳು. "ಇನ್ನೊಂದು ಘಳಿಗಿ ತಡ ಆಗಿದ್ರ ನಾ ಹೊಡ್ಕೊಂಡು ಹೋಗ್ತಿದ್ನೆಪ್ಪಾ. ಮೈಸೂರ ಸರ್ಕಾರ ಭಾಳ ನಿದ್ದಿ ಮಾಡ್ತದೇನು?" ಎಂದಳು. ಅವಳ ಎತ್ತುಗಳಿಗೇ ಮೊದಲ ಮದ್ದು ಹಾಕಿದೆ. ಕೊನೆಯ ಶೀಸೆ ಮುಗಿದಾಗ ಪೆಟ್ಟಿಗೆಯಲ್ಲಿ ತಣ್ಣೀರಷ್ಟೇ ಇತ್ತು. ಅವಳು ಕೊಟ್ಟ ಬಿಸಿ ಹಾಲಿನ ರುಚಿ ನೆನಪಿದೆ. ಆ ಎತ್ತುಗಳ ಬಣ್ಣ ನೆನಪಿಲ್ಲ. ಆ ಊರಿಗೆ ಆ ವರ್ಷ ರೋಗ ಬರಲಿಲ್ಲ.

ಮೂರನೆಯ ದಿನ ಬೀದರಕ್ಕೆ ಮರಳಿ ನೇರ ಅಂಗಡಿಗೆ ಹೋದೆ. ಈ ಕಥೆಯನ್ನು ನಾನು ಎಷ್ಟೋ ವರ್ಷ ಮೈಸೂರಿನಲ್ಲಿ ಹೇಳಿದ್ದೇನೆ. ದಪ್ಪ ತಂತಿಯನ್ನು ಜೊತೆಗಿಟ್ಟುಕೊಂಡವನು ನಾನೇ ಎಂಬಂತೆ ಹೇಳಿದ್ದೂ ಉಂಟು. ಹೇಳುತ್ತ ಹೇಳುತ್ತ ನನಗೇ ಅದು ನಿಜವೆನಿಸಿತ್ತು. ಮೊನ್ನೆ ಹಳೆಯ ಪೆಟ್ಟಿಗೆಯಲ್ಲಿ ಆ ಸುಟ್ಟ ಸಣ್ಣ ತಂತಿ ಸಿಕ್ಕಿತು. ಅದಕ್ಕೇ ಇದನ್ನು ಬರೆದೆ.

ಅಂದು ಅದೇ ತಂತಿಯನ್ನು ಅವರ ಮುಂದಿಟ್ಟು, "ತಪ್ಪಾಯಿತು" ಎಂದೆ.

ಖಾಸಿಂ ಸಾಹೇಬರು ಅದನ್ನು ತಿರುಗಿಸಿ ನೋಡಿ, "ನದಿತನ ಬಂದದಲ್ರಿ! ನಾ ಭಾಲ್ಕಿಗೂ ಮುಟ್ಟಂಗಿಲ್ಲ ಅಂದಿದ್ದೆ" ಎಂದು ನಕ್ಕರು. ಆಮೇಲೆ ಕಾದ ಕಬ್ಬಿಣವನ್ನು ನನ್ನ ಕೈಗೇ ಕೊಟ್ಟು ಹೊಸದೊಂದು ದಪ್ಪ ತಂತಿಗೆ ಪಿನ್ನು ಬೆಸೆಯಲು ಹೇಳಿದರು. ಬೆಸೆದೆ. ಕಾಲಿನಿಂದ ಒಂದು ತುದಿ ಮೆಟ್ಟಿ, ಎರಡೂ ಕೈಯಿಂದ ಜಗ್ಗಿದರು. ಬೆಸುಗೆ ಬಿಡಲಿಲ್ಲ.

"ಪಕ್ಕಾ ಆಗ್ಯದ್ರಿ" ಎಂದರು. ನಾನು ಬೆಸೆದ ತಂತಿಯನ್ನು ಬಲದೀಪಕ್ಕೆ ಹಾಕಿದರು. ಅಲ್ಲಿಂದ ಬಿಚ್ಚಿದ ತಮ್ಮ ತಂತಿಯನ್ನು ಬಟ್ಟೆಯಲ್ಲಿ ಸುತ್ತಿ, ಈ ಸಲ ನನ್ನ ಕಣ್ಣೆದುರಿಗೇ, ಮಾಣಿಕಪ್ಪನ ಸೀಟಿನ ಕೆಳಗಿಟ್ಟರು.